ಹಿತ್ತಲ ಹಲಸು ಮತ್ತು ಮನೆಯ ನಕ್ಷೆ

ಮೊದಲ ನಕ್ಷೆಯಲ್ಲಿ ಮರಗಳೇ ಇರಲಿಲ್ಲ. ಅರವತ್ತು ಅಡಿ ಅಗಲ, ನೂರು ಅಡಿ ಉದ್ದದ ನಮ್ಮ ನಿವೇಶನವನ್ನು ವಾಸ್ತುಶಿಲ್ಪಿಯವರು ಒಂದು ಖಾಲಿ ಆಯತವಾಗಿ ಬರೆದುಕೊಂಡು, ನಾಲ್ಕು ಕಡೆಯೂ ನಿಯಮದಂತೆ ಬಿಡಬೇಕಾದ ಜಾಗವನ್ನು ಚುಕ್ಕೆಗೆರೆಯಲ್ಲಿ ಗುರುತಿಸಿ, ನಡುವೆ ನನಗೊಂದು ತಂಗಿಗೊಂದು ಮಹಡಿಯಂತೆ ಮನೆಯನ್ನು ಕೂರಿಸಿದ್ದರು. ಕೋಣೆಗಳ ಅಳತೆಯ ಬಗ್ಗೆ ನಾವಿಬ್ಬರೂ ಒಂದು ಗಂಟೆ ಮಾತನಾಡಿದೆವು. ಕೊನೆಗೆ ತಂಗಿ, ‘ಹಲಸಿನ ಮರ ಎಲ್ಲಿ ಬರುತ್ತದೆ?’ ಎಂದು ಕೇಳಿದಳು. ಅವರು ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಹುಡುಕಿ, ಹಿಂಬದಿಯ ಅಡುಗೆಮನೆಯ ಮೂಲೆಗೂ ಮಳೆನೀರಿನ ಇಂಗುಗುಂಡಿಗೂ ನಡುವೆ ಒಂದು ಚುಕ್ಕೆ ಇಟ್ಟರು. ಅದು 2022ರ ದೀಪಾವಳಿಯ ಮಾರನೆಯ ವಾರ. ಆ ಚುಕ್ಕೆ ಒಂದು ಸರಿಯಾದ ವೃತ್ತವಾಗಿ ನಕ್ಷೆಯಲ್ಲಿ ನೆಲೆಗೊಳ್ಳಲು ಐದು ತಿಂಗಳು ಹಿಡಿಯಿತು.

ನಮ್ಮ ಮನೆ ಇರುವುದು ಮಲ್ಲೇಶ್ವರದಲ್ಲಿ. 1898ರ ಪ್ಲೇಗಿನ ನಂತರ, ಕಿಕ್ಕಿರಿದ ಪೇಟೆಯಿಂದ ಜನರು ಗಾಳಿ ಬೆಳಕು ಇರುವ ಕಡೆಗೆ ಬರಲೆಂದು ಬೆಳೆದ ಬಡಾವಣೆಯಾದ್ದರಿಂದ ಇಲ್ಲಿನ ಹಳೆಯ ನಿವೇಶನಗಳಿಗೆ ಹಿತ್ತಲು ಎಂಬುದು ಇದ್ದೇ ಇರುತ್ತಿತ್ತು. ನಮ್ಮ ಹಿತ್ತಲಿನ ಹಲಸು ನಮ್ಮಜ್ಜಿ ತೂಬಗೆರೆಯ ಕಡೆಯಿಂದ ತಂದ ಹಣ್ಣಿನ ಬೀಜದಿಂದ ಎದ್ದದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅದಲ್ಲದೆ ಹಿಂದೆ ಒಂದು ಮಾವು ಮತ್ತು ಎರಡು ತೆಂಗು, ಪಕ್ಕದ ಓಣಿಯಲ್ಲಿ ಒಂದು ನೇರಳೆ, ಮುಂದೆ ಒಂದು ಸಂಪಿಗೆ ಮತ್ತು ಒಂದು ಹಳೆಯ ಗುಲ್‌ಮೊಹರ್ ಇದ್ದವು. ಕಾಂಪೌಂಡಿನ ಆಚೆ ಕಾಲುದಾರಿಯಲ್ಲಿ ಒಂದು ಹೊಂಗೆ ಇದೆ. ಅದು ಊರಿನ ಮರ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಕಟ್ಟಡದ ಗುತ್ತಿಗೆ ಹಿಡಿಯಲು ಬಂದವರು ಮೊದಲ ದಿನವೇ ಮರಗಳನ್ನು ನೋಡಿ, ಅದೇನೂ ದೊಡ್ಡ ವಿಷಯವಲ್ಲ, ಶನಿವಾರ ರಾತ್ರಿ ಕೆಲಸ ಹಿಡಿದರೆ ಸೋಮವಾರದ ಹೊತ್ತಿಗೆ ಬುಡವೂ ಕಾಣಿಸುವುದಿಲ್ಲ ಎಂದರು. ಅವರು ಅದನ್ನು ಕೆಟ್ಟ ಉದ್ದೇಶದಿಂದ ಹೇಳಲಿಲ್ಲ. ನಮಗೆ ಅಲೆದಾಟ ತಪ್ಪಿಸುವ ಉಪಕಾರವೆಂದೇ ಅವರು ತಿಳಿದಿದ್ದರು. ನಮ್ಮ ಜಾಗದಲ್ಲಿ ನಾವೇ ನೆಟ್ಟ ಮರಕ್ಕೆ ಯಾರನ್ನು ಕೇಳಬೇಕು ಎಂಬ ಭಾವನೆ ಬಹಳ ಜನರಲ್ಲಿದೆ, ಮತ್ತು ಒಂದು ಕ್ಷಣ ಅದು ನನ್ನಲ್ಲೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಆ ರಾತ್ರಿ ಕುಳಿತು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದು ದೊಡ್ಡ ಕಾನೂನೇನಲ್ಲ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದರ 8ನೇ ಪ್ರಕರಣ ಹೇಳುವ ಮಾತು ಸ್ಪಷ್ಟವಾಗಿದೆ: ಜಾಗ ಸ್ವಂತದ್ದಾಗಿರಲಿ ಬೇರೆಯವರದಾಗಿರಲಿ, ವೃಕ್ಷ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಮರವನ್ನು ಕಡಿಯುವಂತಿಲ್ಲ, ಕಡಿಸುವಂತಿಲ್ಲ.

ಆದರೆ ಅಂದು ನನ್ನನ್ನು ತಡೆದು ನಿಲ್ಲಿಸಿದ್ದು ಅದಕ್ಕಿಂತ ಮೊದಲೇ ಬರುವ ಪರಿಭಾಷೆಗಳ ಭಾಗ. ಮರ ಕಡಿಯುವುದು ಎಂದರೇನು ಎಂಬುದನ್ನು ಅಲ್ಲಿ ವಿವರಿಸಲಾಗಿದೆ. ಕಾಂಡವನ್ನು ಬೇರಿನಿಂದ ಬೇರ್ಪಡಿಸುವುದು ಮತ್ತು ಬುಡಸಮೇತ ಕೀಳುವುದು ಮಾತ್ರ ಕಡಿಯುವುದಲ್ಲ. ಯಂತ್ರದಿಂದ ಉರುಳಿಸುವುದು, ಬುಡದ ಸುತ್ತ ತೊಗಟೆಯನ್ನು ಸುಲಿಯುವುದು, ಕೊಂಬೆ ಸವರುವುದು, ತಲೆಯನ್ನು ಕತ್ತರಿಸುವುದು, ಮರ ಸಾಯುವ ರಾಸಾಯನಿಕ ಹಾಕುವುದು, ಸುಡುವುದು, ಬೇರೆ ಯಾವುದೇ ಬಗೆಯಲ್ಲಿ ಹಾನಿ ಮಾಡುವುದು, ಇವೆಲ್ಲವೂ ಆ ಒಂದೇ ಪದದೊಳಗೆ ಬರುತ್ತವೆ. ಕೊಡಲಿ ಬಿದ್ದರಷ್ಟೇ ಅಪರಾಧವೆಂದು ನಾವು ತಿಳಿದಿರುತ್ತೇವೆ. ಸುಮಾರು ಐವತ್ತು ವರ್ಷಗಳ ಹಿಂದೆ ಈ ಕಾನೂನನ್ನು ಬರೆದವರು ಮರ ಸಾಯುವ ಇತರ ದಾರಿಗಳನ್ನೂ ಬಲ್ಲವರಾಗಿದ್ದರು. ಮುಂದೆ ನಮ್ಮ ನಿವೇಶನದಲ್ಲಿ ನಡೆದದ್ದಕ್ಕೆಲ್ಲ ‘ಬೇರೆ ಯಾವುದೇ ಬಗೆಯಲ್ಲಿ ಹಾನಿ’ ಎಂಬ ಆ ಕೊನೆಯ ಮಾತೇ ಅಳತೆಗೋಲಾಯಿತು.

ಮಾವು ಮೂಲೆಯಲ್ಲಿ ಯಾರ ದಾರಿಗೂ ಅಡ್ಡವಿರಲಿಲ್ಲ. ತೆಂಗು ಕಡಿಯಲು ಅನುಮತಿ ಬೇಕಿರಲಿಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳನ್ನು ಈ ಕಾನೂನು ಹೊರಗಿಟ್ಟಿದೆ, ಮತ್ತು ಹಾಗಿದ್ದರೂ ನಾವು ಅವೆರಡನ್ನೂ ಉಳಿಸಿಕೊಂಡೆವು. ಉಳಿದ ನಾಲ್ಕಕ್ಕೆ, ಎಂದರೆ ಗುಲ್‌ಮೊಹರ್, ಸಂಪಿಗೆ, ನೇರಳೆ ಮತ್ತು ಹಲಸಿಗೆ, 2023ರ ಜನವರಿಯಲ್ಲಿ ಅರ್ಜಿ ಹಾಕಿದೆವು. ಹೌದು, ಹಲಸಿಗೂ ಹಾಕಿದೆವು. ನಕ್ಷೆ ಹಾಗಿತ್ತು, ಅಡುಗೆಮನೆಯ ಗೋಡೆ ಅದರ ಕಾಂಡದಿಂದ ನಾಲ್ಕು ಅಡಿ ದೂರದಲ್ಲಿ ಬರುತ್ತಿತ್ತು, ಮತ್ತು ಕಟ್ಟುವ ಗಡಿಬಿಡಿಯಲ್ಲಿ ಮರವನ್ನು ಕಳೆದುಕೊಳ್ಳುವುದು ಅನಿವಾರ್ಯವೆಂದು ನಾವೂ ನಂಬಿಬಿಟ್ಟಿದ್ದೆವು.

ಆಗ ಬೆಂಗಳೂರಿನಲ್ಲಿ ಪಾಲಿಕೆಗೆ ನಿಯೋಜಿತರಾದ ಅರಣ್ಯ ಇಲಾಖೆಯ ಅಧಿಕಾರಿಯೇ ವೃಕ್ಷ ಅಧಿಕಾರಿಯಾಗಿದ್ದರು. ಅರ್ಜಿಯ ಜೊತೆ ಖಾತೆಯ ಪ್ರತಿ, ತೆರಿಗೆ ಕಟ್ಟಿದ ರಸೀದಿ, ನಿವೇಶನದ ನಕ್ಷೆಯಲ್ಲಿ ಪ್ರತಿ ಮರದ ಸ್ಥಾನ, ಅದರ ಜಾತಿ ಮತ್ತು ಸುತ್ತಳತೆ, ಮರದ ಫೋಟೋಗಳು, ಕಡಿಯಲು ಕಾರಣ, ಇಷ್ಟನ್ನು ಕೊಟ್ಟೆವು. ಸುತ್ತಳತೆಯನ್ನು ಎದೆಮಟ್ಟದಲ್ಲಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕು. ದರ್ಜಿಯ ಟೇಪು ಹಿಡಿದು ಹಲಸನ್ನು ತಬ್ಬಿ ಅಳೆದಾಗ 214 ಸೆಂಟಿಮೀಟರ್ ಬಂತು. ಎಪ್ಪತ್ತು ವರ್ಷ ಅದರ ನೆರಳಿನಲ್ಲಿ ಬದುಕಿದ ಮನೆಯಲ್ಲಿ ಅದರ ಅಳತೆ ಯಾರಿಗೂ ಗೊತ್ತಿರಲಿಲ್ಲ.

ಕಾರಣದ ಕಾಲಂ ತುಂಬುವಾಗ ನನಗೆ ತೊಡಕಾಯಿತು. ಯಾವ ಸಂದರ್ಭಗಳಲ್ಲಿ ಅನುಮತಿಯನ್ನು ನಿರಾಕರಿಸುವಂತಿಲ್ಲ ಎಂಬುದನ್ನು 8ನೇ ಪ್ರಕರಣವೇ ಪಟ್ಟಿ ಮಾಡುತ್ತದೆ: ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲು ಮಳೆಗಳಿಂದ ಬಹುಪಾಲು ಹಾಳಾಗಿದ್ದರೆ, ಇತ್ಯಾದಿ. ನಾನು ಓದಿದ ಆ ಪಟ್ಟಿಯಲ್ಲಿ ‘ಮನೆ ಕಟ್ಟಬೇಕಾಗಿದೆ’ ಎಂಬುದು ಇರಲಿಲ್ಲ. ಮನೆ ಕಟ್ಟಲು ಅನುಮತಿಯೇ ಸಿಗುವುದಿಲ್ಲವೆಂದು ಇದರ ಅರ್ಥವಲ್ಲ. ಅದು ಅಧಿಕಾರಿಯ ವಿಚಾರಣೆಗೆ, ವಿವೇಚನೆಗೆ ಬಿಟ್ಟದ್ದು, ಹಕ್ಕಿನಿಂದ ಕೇಳಿ ಪಡೆಯುವಂಥದ್ದಲ್ಲ. ಈ ವ್ಯತ್ಯಾಸ ಸಣ್ಣದೆಂದು ಯಾರಾದರೂ ಹೇಳಬಹುದು. ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿ ಕಾನೂನು ಮರವನ್ನು ಮೊದಲಿಟ್ಟು ಕಟ್ಟಡವನ್ನು ನಂತರ ಇಡುತ್ತದೆ. ನಾವು ನಕ್ಷೆ ಬರೆಯುವಾಗ ಮಾಡಿದ್ದು ಅದರ ತಿರುಗುಮುರುಗು.

ಫೆಬ್ರವರಿಯಲ್ಲಿ ವಲಯ ಅರಣ್ಯಾಧಿಕಾರಿಯವರು ಸ್ಥಳ ಪರಿಶೀಲನೆಗೆ ಬಂದರು. ಅವರು ಮೊದಲು ಕೈ ಹಾಕಿದ್ದು ಗುಲ್‌ಮೊಹರ್‌ನ ಬುಡಕ್ಕೆ. ಬೆರಳಿನ ಗಂಟಿನಿಂದ ಕಾಂಡವನ್ನು ಸುತ್ತಲೂ ತಟ್ಟುತ್ತಾ ಹೋದಾಗ ರಸ್ತೆಯ ಕಡೆಯಲ್ಲಿ ಟೊಳ್ಳು ಸದ್ದು ಕೇಳಿಸಿತು; ತೊಗಟೆಯ ಕೆಳಗೆ ಗೆದ್ದಲಿನ ಮಣ್ಣು ಕಂಡಿತು. ಇದು ಮುಂದಿನ ಮಳೆಗಾಲದ ಗಾಳಿ ತಡೆಯುವುದಿಲ್ಲ ಎಂದರು. ನೇರಳೆ ಹಳೆಯ ಮನೆಯ ತಳಪಾಯಕ್ಕೆ ಅಂಟಿಕೊಂಡು ಬೆಳೆದಿತ್ತು. ಆ ತಳಪಾಯವನ್ನು ಕಿತ್ತರೆ ಅದರ ಒಂದು ಬದಿಯ ಬೇರುಗಳೆಲ್ಲವೂ ಹೋಗುವುದರಿಂದ ಮರ ನಿಲ್ಲುವುದು ಕಷ್ಟವೆಂಬುದನ್ನು ಅವರೂ ಒಪ್ಪಿದರು. ಸಂಪಿಗೆಯ ಬಳಿ ನಿಂತು, ಗೇಟನ್ನು ಎಂಟು ಅಡಿ ಆಚೆ ಸರಿಸಿದರೆ ಆಗುವುದಿಲ್ಲವೇ ಎಂದು ಕೇಳಿದರು. ಆಗುವುದಿಲ್ಲ ಎನ್ನಲು ನಮ್ಮಲ್ಲಿ ಕಾರಣವಿರಲಿಲ್ಲ.

ಹಲಸಿನ ಕೆಳಗೆ ಅವರು ಹೆಚ್ಚು ಹೊತ್ತು ನಿಂತರು. ಸುತ್ತಳತೆಯನ್ನು ತಾವೇ ಮತ್ತೊಮ್ಮೆ ತೆಗೆದರು, ಬುಡದಲ್ಲಿ ಆಗಲೇ ಬಿಟ್ಟಿದ್ದ ಎಳೆಗಾಯಿಗಳನ್ನು ನೋಡಿದರು, ನಕ್ಷೆಯನ್ನು ನೆಲದ ಮೇಲೆ ಹರಡಿಸಿದರು. ‘ಈ ಮರವನ್ನು ಉಳಿಸಿಕೊಂಡು ಕಟ್ಟುವ ಇನ್ನೊಂದು ನಕ್ಷೆ ಮಾಡಿಸಿ ನೋಡಿದ್ದೀರಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಮಾಡಿಸಿ ನೋಡಿ ಆಮೇಲೆ ಆಗುವುದಿಲ್ಲ ಎನ್ನಿ’ ಎಂದು ಹೇಳಿ ಮಹಜರಿಗೆ ಸಹಿ ಹಾಕಿಸಿಕೊಂಡು ಹೋದರು. ಈ ಇಡೀ ಪ್ರಕ್ರಿಯೆಯಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತವಾದ ಮಾತು ಅದೇ, ಮತ್ತು ಅದು ಯಾವ ಆದೇಶದಲ್ಲೂ ಬರೆದಿಲ್ಲ.

ಎರಡನೆಯ ನಕ್ಷೆ ಮಾಡುವ ಮೊದಲು ಮರಕ್ಕೆ ನಿಜವಾಗಿ ಎಷ್ಟು ಜಾಗ ಬೇಕು ಎಂದು ತಿಳಿದುಕೊಳ್ಳಲು ಹೊರಟೆ. ಬ್ರಿಟನ್ನಿನ ಕಟ್ಟಡ ಕಾಮಗಾರಿಯ ಮಾನಕದಲ್ಲಿ ಒಂದು ಸರಳ ಲೆಕ್ಕವಿದೆ: ಕಾಂಡದ ವ್ಯಾಸದ ಹನ್ನೆರಡು ಪಟ್ಟು ದೂರದವರೆಗೆ, ಸುತ್ತಲೂ, ನೆಲವನ್ನು ಅಗೆಯದೆ, ಅಮುಕದೆ, ಏರಿಸದೆ ಬಿಡಬೇಕು. ನಮ್ಮ ಹಲಸಿನ ವ್ಯಾಸ ಸುಮಾರು 68 ಸೆಂಟಿಮೀಟರ್. ಹನ್ನೆರಡು ಪಟ್ಟು ಎಂದರೆ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಡಿಯ ಲೆಕ್ಕದಲ್ಲಿ ಇಪ್ಪತ್ತೇಳು. ಆ ವೃತ್ತವನ್ನು ನಕ್ಷೆಯ ಮೇಲೆ ಕೈವಾರದಿಂದ ಎಳೆದಾಗ ಅದರ ವಿಸ್ತೀರ್ಣ ನಮ್ಮ ನಿವೇಶನದ ಮೂರರಲ್ಲಿ ಒಂದು ಭಾಗವನ್ನು ಮೀರಿತು, ಒಂದಿಷ್ಟು ಪಕ್ಕದವರ ಹಿತ್ತಲಿಗೂ ಹೋಯಿತು. ಬೇರು ಎಂದರೆ ಕಾಂಡದ ಕೆಳಗೆ ಆಳಕ್ಕೆ ಇಳಿಯುವ ಗೂಟದಂಥ ವಸ್ತು ಎಂದು ನನ್ನ ಕಲ್ಪನೆಯಿತ್ತು. ಮರದ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಅಡ್ಡಡ್ಡಲಾಗಿ ಹರಡಿರುತ್ತವೆ ಎಂಬುದನ್ನು, ಅದರಲ್ಲೂ ನೀರು ಹೀರುವ ಸಣ್ಣ ಬೇರುಗಳು ಇನ್ನೂ ಮೇಲಿನ ಪದರದಲ್ಲಿ ಇರುತ್ತವೆ ಎಂಬುದನ್ನು ತಿಳಿದ ಮೇಲೆ, ಕಟ್ಟಡದ ಕೆಲಸದಲ್ಲಿ ಮೊದಲು ಕೆದಕುವ, ಜಲ್ಲಿ ಸುರಿಯುವ, ಲಾರಿ ನಿಲ್ಲಿಸುವ, ಸಿಮೆಂಟ್ ಕಲಸುವ ಪದರವೂ ಅದೇ ಎಂಬುದು ಮನಸ್ಸಿಗೆ ಬಂದು ಗಾಬರಿಯಾಯಿತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆ ಕಟ್ಟುವ ಬಹಳ ಜನ ಇದರಲ್ಲಿ ತಪ್ಪುವುದನ್ನು ನಾನು ನಂತರ ನೋಡಿದ್ದೇನೆ. ನಿವೇಶನದ ಅಂಚುಗಳಲ್ಲಿ ಕಟ್ಟಡದ ನಿಯಮಗಳು ಕಡ್ಡಾಯವಾಗಿ ತೆರೆದ ಜಾಗ ಬಿಡಿಸುವುದರಿಂದ ಅಂಚಿನಲ್ಲಿರುವ ಮರಗಳು ತಾವಾಗಿಯೇ ಉಳಿದುಕೊಳ್ಳುತ್ತವೆ ಎಂದು ನಾವು ಭಾವಿಸುತ್ತೇವೆ. ಆದರೆ ಮನೆಯ ಒಳಗೆ ಬೇಡವಾದ ಎಲ್ಲವೂ ಸೇರುವುದು ಆ ತೆರೆದ ಜಾಗಕ್ಕೇ: ನೀರಿನ ಸಂಪು, ಒಳಚರಂಡಿಯ ಕೊಳವೆ ಮತ್ತು ಅದರ ಗುಂಡಿಗಳು, ವಿದ್ಯುತ್ ಕೇಬಲ್, ಕೊಳವೆಬಾವಿ, ಮಳೆನೀರಿನ ಇಂಗುಗುಂಡಿ. 2009ರಿಂದ ಬೆಂಗಳೂರಿನಲ್ಲಿ ಮೂವತ್ತು ಅಡಿ ನಲವತ್ತು ಅಡಿಯ ಹೊಸ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯ. ಅದು ಒಳ್ಳೆಯ ನಿಯಮ, ನಾನು ಅದರ ಪರ. ಆದರೆ ನಮ್ಮ ಮೊದಲ ನಕ್ಷೆಯಲ್ಲಿ ಹತ್ತು ಅಡಿ ಆಳದ ಇಂಗುಗುಂಡಿ ಹಲಸಿನ ಬುಡದಿಂದ ಐದು ಅಡಿಯಲ್ಲಿ ಬರುತ್ತಿತ್ತು. ಹಲಸು ನೀರು ನಿಲ್ಲುವುದನ್ನು ಸಹಿಸುವ ಮರವಲ್ಲ. ಒಂದು ಬದಿಯ ಬೇರನ್ನು ಕಡಿದು, ಇನ್ನೊಂದು ಬದಿಯ ಬೇರನ್ನು ಪ್ರತಿ ಮಳೆಗೂ ನೆನೆಹಾಕುವ ಆ ಗುಂಡಿಗೆ ಯಾರ ಅನುಮತಿಯನ್ನೂ ನಾವು ಕೇಳುತ್ತಿರಲಿಲ್ಲ, ಏಕೆಂದರೆ ಕಾಗದದ ಮೇಲೆ ಮರ ‘ಉಳಿದಿರುತ್ತಿತ್ತು’.

ಹೊಸ ನಕ್ಷೆಯಲ್ಲಿ ಅಡುಗೆಮನೆ ಮುಂದಕ್ಕೆ ಬಂತು, ಹಿಂಬದಿಯ ಗೋಡೆ ಕಾಂಡದಿಂದ ನಾಲ್ಕೂವರೆ ಮೀಟರ್ ದೂರ ನಿಂತಿತು. ಇಂಗುಗುಂಡಿ ಮತ್ತು ಸಂಪು ಮುಂಭಾಗದ ಗೇಟಿನ ಕಡೆಗೆ ಹೋದವು. ಹಿಂದಿನ ಕಾಂಪೌಂಡ್ ಗೋಡೆಗೆ ಉದ್ದಕ್ಕೂ ಕಂದಕ ತೋಡಿ ಕಲ್ಲಿನ ತಳಪಾಯ ಹಾಕುವ ಬದಲು, ದೂರ ದೂರಕ್ಕೆ ಕಂಬದ ಗುಂಡಿಗಳನ್ನು ತೋಡಿ, ಅವುಗಳ ಮೇಲೆ ನೆಲಕ್ಕೆ ತಾಗದಂತೆ ತೊಲೆ ಹಾಯಿಸಿ ಗೋಡೆ ಎಬ್ಬಿಸುವುದೆಂದು ಎಂಜಿನಿಯರ್ ಸೂಚಿಸಿದರು. ಬೇರುಗಳು ತೊಲೆಯ ಕೆಳಗಿನಿಂದ ಹಾದು ಹೋಗಬಹುದು. ಇಪ್ಪತ್ತೇಳು ಅಡಿಯ ಪೂರ್ತಿ ವೃತ್ತವನ್ನು ಕೊಡಲು ನಮ್ಮಿಂದ ಆಗಲಿಲ್ಲ. ಕೊಟ್ಟದ್ದು ಮನೆಯ ಕಡೆ ಹದಿನೈದು ಅಡಿ, ಹಿತ್ತಲಿನ ಕಡೆ ಇರುವಷ್ಟೂ. ಈ ಬದಲಾವಣೆಗಳಿಂದ ತಂಗಿಯ ಮಹಡಿಯಲ್ಲಿ ಒಂದು ಕೋಣೆ ಕಿರಿದಾಯಿತು, ಖರ್ಚು ಒಂದೂಮುಕ್ಕಾಲು ಲಕ್ಷ ರೂಪಾಯಿ ಹೆಚ್ಚಾಯಿತು. ಮನೆಯ ಒಟ್ಟು ಖರ್ಚಿನ ಎದುರು ಅದು ದೊಡ್ಡ ಮೊತ್ತವಲ್ಲ, ಆದರೆ ಅದನ್ನು ಹೊಂದಿಸಲಾಗದ ಮನೆಗಳು ಇವೆ ಎಂಬುದು ನನಗೆ ತಿಳಿದಿದೆ.

ಮಾರ್ಚ್ ಕೊನೆಯಲ್ಲಿ ಆದೇಶ ಬಂತು. ಗುಲ್‌ಮೊಹರ್ ಮತ್ತು ನೇರಳೆಗೆ ಅನುಮತಿ. ಸಂಪಿಗೆ ಮತ್ತು ಹಲಸಿಗೆ ನಿರಾಕರಣೆ. ಒಪ್ಪಿಗೆಯಾಗದಿದ್ದರೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸುವ ಅವಕಾಶ ಕಾನೂನಿನಲ್ಲಿದೆ. ನಮಗೆ ಅದು ಬೇಕಾಗಲಿಲ್ಲ. ಕಡಿಯುವ ಎರಡು ಮರಗಳಿಗೆ ಬದಲಾಗಿ ಆರು ಸಸಿಗಳನ್ನು ನೆಡಬೇಕೆಂಬ ಷರತ್ತು ಇತ್ತು. ಮರ ಕಡಿದ ಮೂವತ್ತು ದಿನಗಳೊಳಗೆ ಅದೇ ಜಾಗದಲ್ಲೋ ಬೇರೆ ಸೂಕ್ತ ಜಾಗದಲ್ಲೋ ನೆಡಬೇಕೆಂಬುದು ನಿಯಮ. ಕಟ್ಟಡದ ಕೆಲಸ ನಡೆಯುವ ನೆಲದಲ್ಲಿ ಮೂವತ್ತು ದಿನಕ್ಕೆ ನೆಟ್ಟ ಸಸಿ ಮೂವತ್ತೊಂದನೆಯ ದಿನಕ್ಕೆ ಜಲ್ಲಿಯ ಕೆಳಗೆ ಹೋಗುತ್ತದೆ. ಅವಧಿಯನ್ನು ವಿಸ್ತರಿಸಲು ಅಧಿಕಾರಿಗೆ ಅಧಿಕಾರವಿದೆ ಎಂದು ಓದಿದ್ದೆನಾದ್ದರಿಂದ, ನಾಲ್ಕು ಸಸಿಗಳನ್ನು ಈಗಲೇ ಹತ್ತಿರದ ದೇವಸ್ಥಾನದ ಆವರಣದಲ್ಲಿ ನೆಡುತ್ತೇವೆ, ಎರಡನ್ನು ಕಟ್ಟಡ ಮುಗಿದ ಮೇಲೆ ನಿವೇಶನದಲ್ಲೇ ನೆಡುತ್ತೇವೆ ಎಂದು ಬರೆದು ಕೇಳಿದೆ. ಒಪ್ಪಿದರು.

ಗುಲ್‌ಮೊಹರ್‌ನ ಕೆಲಸಕ್ಕೆ ಬಂದ ಆಳುಗಳಲ್ಲಿ ಹಿರಿಯನೊಬ್ಬ ಹಗ್ಗ ಹಿಡಿದು ಮೇಲೆ ಹತ್ತಿ, ಐದೇ ನಿಮಿಷದಲ್ಲಿ ಇಳಿದು ಬಂದ. ಒಣಗಿದ ಕೊಂಬೆಯೊಂದರಲ್ಲಿ ದುಂಡಗಿನ ತೂತು, ಒಳಗೆ ಕುಟ್ರುಹಕ್ಕಿಯ ಮರಿಗಳು. ಅನುಮತಿ ಪತ್ರ ಕೈಯಲ್ಲಿತ್ತು, ಕೂಲಿಯೂ ಗೊತ್ತಾಗಿತ್ತು. ಯಾವ ಮರವನ್ನು ಕಾನೂನು ಎಲ್ಲಕ್ಕಿಂತ ಸುಲಭವಾಗಿ ಕಡಿಯಲು ಬಿಡುತ್ತದೆಯೋ ಆ ಟೊಳ್ಳು ಮರವೇ ಹಕ್ಕಿಗೆ ಬೇಕಾದ ಮರ. ಗಟ್ಟಿ ಮರದಲ್ಲಿ ಕುಟ್ರುಹಕ್ಕಿ ಗೂಡು ಕೊರೆಯಲಾರದು. ಆ ದಿನದ ಕೂಲಿ ಕೊಟ್ಟು ಕಳಿಸಿ, ಮರಿಗಳು ಹಾರಿಹೋಗುವವರೆಗೆ ಕಾದೆವು. ಮೇ ಮೊದಲ ವಾರದಲ್ಲಿ ತೂತಿನಲ್ಲಿ ಓಡಾಟ ನಿಂತು ನಾಲ್ಕು ದಿನ ಕಳೆದ ಮೇಲೆ ಮರ ಇಳಿಯಿತು. ಗೂಡಿದ್ದ ಆ ಎರಡಡಿಯ ತುಂಡನ್ನು ಸಂಪಿಗೆಯ ಕವಲಿಗೆ ಕಟ್ಟಿದೆವು. ಇಲ್ಲಿಯವರೆಗೆ ಅದಕ್ಕೆ ಯಾವ ಹಕ್ಕಿಯೂ ಬಂದಿಲ್ಲ.

ಹಳೆಯ ಮನೆಯನ್ನು ಕೆಡವುವ ಮೊದಲೇ ಹಲಸಿನ ಸುತ್ತ ಬೊಂಬು ನೆಟ್ಟು, ತಗಡಿನ ಬೇಲಿ ಹಾಕಿಸಿದೆ. ಒಳಗೆ ಒಣಗಿದ ಎಲೆ ಮತ್ತು ತೆಂಗಿನ ನಾರನ್ನು ಅರ್ಧ ಅಡಿ ದಪ್ಪಕ್ಕೆ ಹರಡಿದೆವು. ಬೇಲಿಯೊಳಗೆ ಇಟ್ಟಿಗೆ ಪೇರಿಸುವಂತಿಲ್ಲ, ಸಿಮೆಂಟ್ ತೊಳೆದ ನೀರು ಚೆಲ್ಲುವಂತಿಲ್ಲ, ಮಣ್ಣು ಏರಿಸುವಂತಿಲ್ಲ ಎಂದು ಬರೆದು ತೂಗುಹಾಕಿದೆ. ಗುತ್ತಿಗೆಯ ಕರಾರಿನಲ್ಲೂ ಇದನ್ನು ಒಂದು ಷರತ್ತಾಗಿ ಸೇರಿಸಬೇಕಿತ್ತು. ಅದನ್ನು ಮಾಡದೆ ಬಿಟ್ಟದ್ದು ನನ್ನ ತಪ್ಪು. ಬಾಯಿಮಾತು ಮೇಸ್ತ್ರಿಗೆ ತಲುಪಿತ್ತು, ಅವನ ಕೆಳಗಿನ ಉಪಗುತ್ತಿಗೆದಾರನಿಗೆ ಅರ್ಧ ತಲುಪಿತ್ತು, ಯಂತ್ರ ಓಡಿಸುವ ಹುಡುಗನಿಗೆ ತಲುಪಿರಲೇ ಇಲ್ಲ.

ಜುಲೈ ತಿಂಗಳ ಒಂದು ಭಾನುವಾರ. ನಾವು ತಾತ್ಕಾಲಿಕವಾಗಿ ಬಾಡಿಗೆಗಿದ್ದ ಮನೆಯಿಂದ ಬೆಳಿಗ್ಗೆ ಹತ್ತರ ಹೊತ್ತಿಗೆ ನಿವೇಶನಕ್ಕೆ ಹೋದಾಗ, ತಗಡಿನ ಬೇಲಿಯ ಒಂದು ಮಗ್ಗುಲು ಬಿಚ್ಚಿ ಬಿದ್ದಿತ್ತು, ಜೆಸಿಬಿ ಒಳಗೆ ಬಂದಿತ್ತು. ಒಳಚರಂಡಿಯ ಕೊಳವೆಗೆ ಹತ್ತಿರದ ದಾರಿ ಅದೇ ಎಂದು ಯಾರೋ ಹೇಳಿದ್ದರು. ಕಂದಕ ಹಲಸಿನ ಬುಡದಿಂದ ಒಂದು ಮೀಟರ್ ದೂರದಲ್ಲಿ, ಮೂರು ಅಡಿ ಆಳಕ್ಕೆ ಸಾಗಿತ್ತು. ನಾನು ಕೂಗಿ ನಿಲ್ಲಿಸುವಷ್ಟರಲ್ಲಿ ಮುಂಗೈ ದಪ್ಪದ ಎರಡು ಬೇರುಗಳು ಹರಿದು ಹೋಗಿದ್ದವು, ಸಣ್ಣವು ಎಷ್ಟೋ. ಯಂತ್ರದ ಹಲ್ಲು ಬೇರನ್ನು ಕಡಿಯುವುದಿಲ್ಲ, ಹಿಡಿದು ಎಳೆಯುತ್ತದೆ. ಬೇರಿನ ತುದಿ ಸೀಳಿ, ತೊಗಟೆ ಬುಡದ ಕಡೆಗೆ ಸುಲಿದು ಬಂದಿತ್ತು, ಅದರಿಂದ ಬಿಳಿಯ ಹಾಲು ಒಸರಿ ಮಣ್ಣಿನ ಮೇಲೆ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವುದು ಆ ಅಂಟಿಗಾಗಿ. ಅದನ್ನು ಹಾಗೆ ನೆಲದಲ್ಲಿ ಹರಿಯುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಗುತ್ತಿಗೆದಾರರು ಮಧ್ಯಾಹ್ನ ಬಂದು, ಮರವನ್ನು ಕಡಿದಿಲ್ಲವಲ್ಲ, ಬೇರು ತಾನೇ ಎಂದರು. ನಾನು ಅಧಿನಿಯಮದ ಪ್ರತಿ ತೆಗೆದು, ಕಡಿಯುವುದು ಎಂದರೆ ಏನೆಂದು ಹೇಳುವ ಆ ಸಾಲುಗಳನ್ನು ಅವರಿಗೆ ಓದಿ ಹೇಳಿದೆ. ಅವರು ಎರಡು ಬಾರಿ ಓದಿಸಿಕೊಂಡು ಸುಮ್ಮನಾದರು. ಮೂವತ್ತು ವರ್ಷ ಈ ಊರಿನಲ್ಲಿ ಕಟ್ಟಡ ಕಟ್ಟಿದ್ದೇನೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ ಎಂದರು. ಅವರ ಮಾತನ್ನು ನಾನು ನಂಬಿದೆ. ಮಾರನೆಯ ದಿನ ನಾವೇ ವೃಕ್ಷ ಅಧಿಕಾರಿಯವರಿಗೆ ನಡೆದದ್ದನ್ನು ಬರೆದು ತಿಳಿಸಿದೆವು. ಮನೆಯವರಲ್ಲಿ ಕೆಲವರಿಗೆ ಇದು ಬೇಡವಾಗಿತ್ತು; ತಾವಾಗಿ ಹೋಗಿ ಸಿಕ್ಕಿಹಾಕಿಕೊಳ್ಳುವುದೇಕೆ ಎಂಬುದು ಅವರ ಪ್ರಶ್ನೆ. ಆದರೆ ಅನುಮತಿ ನಿರಾಕರಿಸಿದ ಮರಕ್ಕೆ ನಮ್ಮ ಕೆಲಸದಿಂದಲೇ ಹಾನಿಯಾಗಿತ್ತು, ಅದು ಮುಂದೆ ಒಣಗಿದರೆ ಯಾವಾಗ, ಯಾಕೆ ಎಂಬುದಕ್ಕೆ ದಾಖಲೆ ಇರಬೇಕಿತ್ತು. ವಲಯ ಅರಣ್ಯಾಧಿಕಾರಿಯವರು ಮತ್ತೆ ಬಂದು ಮಹಜರು ಮಾಡಿ, ಬೇಲಿಯೊಳಗೆ ಇನ್ನು ಮುಂದೆ ಯಂತ್ರ ಬರಕೂಡದು, ಅಗತ್ಯವಿದ್ದರೆ ಕೈಯಿಂದಲೇ ಅಗೆಯಬೇಕು, ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಕಡಿಯದೆ ಅದರ ಕೆಳಗಿನಿಂದ ಕೊಳವೆ ತೂರಿಸಬೇಕು ಎಂದು ಬರೆದುಕೊಟ್ಟರು.

ಹರಿದ ತುದಿಗಳನ್ನು ಗರಗಸದಿಂದ ನುಣ್ಣಗೆ ಕತ್ತರಿಸಿ, ಒದ್ದೆ ಗೋಣಿ ಸುತ್ತಿ, ಅದೇ ದಿನ ಕಂದಕವನ್ನು ತೆಗೆದ ಮಣ್ಣಿನಿಂದಲೇ ಮುಚ್ಚಿದ್ದೆವು. ಬೇರು ಕಡಿಮೆಯಾದಷ್ಟು ಕೊಂಬೆಯನ್ನೂ ಕಡಿಮೆ ಮಾಡಬೇಕು ಎಂದು ಸಲಹೆ ಕೊಟ್ಟವರಿದ್ದರು. ಎಲೆಯೇ ಮರದ ಅಡುಗೆಮನೆಯಾದ್ದರಿಂದ ಗಾಯವಾದ ಮರದಿಂದ ಎಲೆಯನ್ನು ಕಿತ್ತುಕೊಳ್ಳಬಾರದೆಂದು ತಿಳಿದವರು ಹೇಳಿದರು, ನಾವು ಅದನ್ನೇ ಪಾಲಿಸಿದೆವು. ಆ ವರ್ಷ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಕೈತೋಟಕ್ಕೂ ಕಟ್ಟಡ ಕಾಮಗಾರಿಗೂ ಕುಡಿಯುವ ನೀರು ಬಳಸಕೂಡದೆಂದು, ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಆದೇಶ ಹೊರಡಿಸಿತು. ಗಾಯದಿಂದ ಚೇತರಿಸಿಕೊಳ್ಳಬೇಕಾದ ಮರಕ್ಕೆ ನೀರು ಅತ್ಯಗತ್ಯವಾದ ಹೊತ್ತು ಅದು. ನಾವು ಕಟ್ಟಡಕ್ಕೆಂದು ತರಿಸುತ್ತಿದ್ದ ಸಂಸ್ಕರಿಸಿದ ನೀರಿನಲ್ಲಿ ವಾರಕ್ಕೆ ಎರಡು ಪೀಪಾಯಿಯನ್ನು ಹಲಸಿನ ಹರವಿನ ಅಂಚಿನಲ್ಲಿ ನಿಧಾನವಾಗಿ ಇಂಗಿಸಿದೆವು. ಬಾಡಿಗೆ ಮನೆಯ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಬಕೆಟ್ಟಿನಲ್ಲಿ ದೇವಸ್ಥಾನದ ಸಸಿಗಳಿಗೆ ಹೋಯಿತು. ನಾಲ್ಕರಲ್ಲಿ ಮೂರು ಉಳಿದವು. ಹೋದ ಒಂದರ ಜಾಗದಲ್ಲಿ ಮಳೆ ಬಂದ ಮೇಲೆ ಮತ್ತೊಂದು ಹೊಂಗೆಯನ್ನು ನೆಟ್ಟೆವು.

ಒಂಟಿ ಮನೆಗಳ ಅರ್ಜಿಗಳಲ್ಲಿ ಇಷ್ಟೆಲ್ಲ ಪರಿಶೀಲನೆ ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕೆಂದು ಕಾನೂನಿನಲ್ಲಿದೆ, ಮತ್ತು ರಸ್ತೆ ಮೆಟ್ರೋಗಳ ವಿಷಯದಲ್ಲಿ ಬೆಂಗಳೂರಿನ ಜನ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಆದರೆ ಹಳೆಯ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಹತ್ತು ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು, ಪ್ರತಿಯೊಂದರಿಂದ ಆರೇಳು ಮರ ಹೋದರೆ, ಐವತ್ತನ್ನು ದಾಟಿದ ಆ ಮೊತ್ತಕ್ಕೆ ಪ್ರಕಟಣೆಯೂ ಇಲ್ಲ, ಆಕ್ಷೇಪಣೆಯೂ ಇಲ್ಲ. ನಮ್ಮ ರಸ್ತೆಯಲ್ಲಿ ನಾನು ಬಾಲ್ಯದಲ್ಲಿ ಎಣಿಸಿದ್ದ ಹಿತ್ತಲ ಹಲಸುಗಳು ಐದು. ಈಗ ಒಂದಿದೆ. ಅದಕ್ಕಾಗಿಯೇ, ಮರದ ಸ್ಥಾನ ಮತ್ತು ಅದರ ಬೇರಿನ ವೃತ್ತವಿಲ್ಲದ ಯಾವ ಕಟ್ಟಡದ ನಕ್ಷೆಯನ್ನೂ ಮಂಜೂರಾತಿಗೆ ಸ್ವೀಕರಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಡಿಯುವ ಅರ್ಜಿ ಬರುವ ಹೊತ್ತಿಗೆ ಕೋಣೆಗಳೆಲ್ಲ ಮನಸ್ಸಿನಲ್ಲಿ ಕಟ್ಟಿ ಮುಗಿದಿರುತ್ತವೆ, ಆಮೇಲೆ ಮರ ಬರೀ ಅಡಚಣೆಯಾಗಿ ಕಾಣುತ್ತದೆ.

ಹೊಸ ಮನೆಗೆ 2024ರ ಶ್ರಾವಣದಲ್ಲಿ ಬಂದೆವು. ನಿವೇಶನದಲ್ಲಿ ನೆಡಬೇಕಿದ್ದ ಎರಡು ಸಸಿಗಳಾಗಿ ಒಂದು ನೇರಳೆ, ಒಂದು ಬೇವು ನೆಟ್ಟು ಫೋಟೋ ಸಮೇತ ವರದಿ ಕೊಟ್ಟೆವು. ಹಲಸು ಆ ವರ್ಷ ಒಂಬತ್ತು ಕಾಯಿ ಬಿಟ್ಟಿತ್ತು. ಮೊದಲು ನಲವತ್ತಕ್ಕೆ ಕಡಿಮೆಯಿರುತ್ತಿರಲಿಲ್ಲ. ಮರುವರ್ಷ ಹದಿನೇಳು ಬಂದವು. ಆದರೆ ಕಂದಕ ತೋಡಿದ ಬದಿಯ ದೊಡ್ಡ ಕೊಂಬೆಯಲ್ಲಿ ಎಲೆ ಮೊದಲು ಹಳದಿಯಾಗಿ, ತುದಿಯಿಂದ ಒಣಗುತ್ತಾ ಬಂದು, ಈಗ ಆ ಕೊಂಬೆ ಪೂರ್ತಿ ಸತ್ತಿದೆ. ಅದು ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಜಾಗದ ಮೇಲೆ ಚಾಚಿಕೊಂಡಿದೆ. ಕೊಂಬೆ ಸವರುವುದೂ ಕಡಿಯುವುದೇ ಎಂದು ಕಾನೂನು ಹೇಳುವುದರಿಂದ ಅದೊಂದೇ ಕೊಂಬೆಗಾಗಿ ಮತ್ತೆ ಅರ್ಜಿ ಬರೆದೆ. ಜಾತಿ, ಹಲಸು. ಎದೆಮಟ್ಟದ ಸುತ್ತಳತೆ, 216 ಸೆಂಟಿಮೀಟರ್. ಕಾರಣದ ಕಾಲಂನಲ್ಲಿ, 2023ರ ಜುಲೈಯಲ್ಲಿ ನಮ್ಮ ಮನೆಯ ಕಾಮಗಾರಿಯ ವೇಳೆ ಈ ಬದಿಯ ಎರಡು ಮುಖ್ಯ ಬೇರುಗಳು ತುಂಡಾದದ್ದರಿಂದ ಕೊಂಬೆ ಒಣಗಿದೆ, ಅಂದಿನ ಮಹಜರಿನ ಪ್ರತಿಯನ್ನು ಲಗತ್ತಿಸಲಾಗಿದೆ ಎಂದು ಬರೆದು ಸಹಿ ಮಾಡಿದ್ದೇನೆ.